ಥಿಯೇಟರ್ ತುಂಬಬಹುದು, ಒಂದನೇ ತರಗತಿ ತೆರೆಯಬಾರದೇ?

ಮಕ್ಕಳಿಗೆ ಕೋವಿಡ್ ಲಸಿಕೆ ಬರುವವರೆಗೆ ಪ್ರಾಥಮಿಕ ಶಾಲೆ ತೆರೆಯಕೂಡದು ಎಂಬ ಲೇಖನ ಓದಿ ಸಂಕಟವಾಯಿತು. ಲೇಖಕರ ಭಯ ನನಗೆ ಅರ್ಥವಾಗುತ್ತದೆ. 2021ರ ಏಪ್ರಿಲ್, ಮೇ ತಿಂಗಳಲ್ಲಿ ಆಕ್ಸಿಜನ್‌ಗಾಗಿ ಅಲೆದ ಜನ ನಾವು. ಆದರೆ ಅವರ ವಾದದಲ್ಲಿ ಮಗುವೇ ಇಲ್ಲ.

ನಮ್ಮ ಬೀದಿಯಲ್ಲಿ ಗಾರೆ ಕೆಲಸದವರ ಮಗಳೊಬ್ಬಳಿದ್ದಾಳೆ. ಹಾಜರಿ ಪುಸ್ತಕದಲ್ಲಿ ಮೂರನೇ ತರಗತಿ. ಶಾಲೆಯಲ್ಲಿ ಕೂತದ್ದು 2020ರ ಮಾರ್ಚ್‌ವರೆಗೆ, ಒಂದನೇ ತರಗತಿಯಲ್ಲಿ ಮಾತ್ರ. ಮೊನ್ನೆ ‘ಅಮ್ಮ’ ಎಂದು ಬರೆಯಲು ಹೇಳಿದೆ. ಒತ್ತಕ್ಷರ ಎಲ್ಲಿಡಬೇಕೆಂದು ತಿಳಿಯದೆ ಪೆನ್ಸಿಲ್ ಹಿಡಿದ ಕೈ ಹಾಗೇ ನಿಂತುಬಿಟ್ಟಿತು. ಮನೆಗಿರುವುದು ಒಂದೇ ಮೊಬೈಲ್. ಅದು ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಹೋಗಿ ರಾತ್ರಿ ಏಳಕ್ಕೆ ಬರುತ್ತದೆ. ಆನ್‌ಲೈನ್ ಪಾಠ ಯಾವ ಹೊತ್ತಿಗೆ? ಶಾಲೆಯ ಬಿಸಿಯೂಟ, ಹಾಲು ಮೊಬೈಲಿನಲ್ಲಿ ಬರುತ್ತವೆಯೇ?

2021ರ ಅಕ್ಟೋಬರ್‌ನಲ್ಲಿ ದೇಶ 100 ಕೋಟಿ ಡೋಸ್ ಲಸಿಕೆ ದಾಟಿತು. ಸೋಂಕು ಕಡಿಮೆಯಿದ್ದ ಜಿಲ್ಲೆಗಳ ಚಿತ್ರಮಂದಿರಗಳಲ್ಲಿ ಆ ಅಕ್ಟೋಬರ್ 1ರಿಂದಲೇ ಎಲ್ಲ ಸೀಟು ತುಂಬಬಹುದಾಗಿತ್ತು. ಅದಕ್ಕೆ ತಕರಾರೆತ್ತದವರು ಅಕ್ಟೋಬರ್ 25ಕ್ಕೆ ಪುಟ್ಟ ಮಕ್ಕಳ ತರಗತಿ ತೆರೆಯುತ್ತದೆ ಎಂದೊಡನೆ ಬೆಚ್ಚಿದ್ದು ನ್ಯಾಯವಲ್ಲ. ಈ ಸೋಂಕು ಮಕ್ಕಳಲ್ಲಿ ತೀವ್ರವಾಗುವುದು ದೊಡ್ಡವರಿಗಿಂತ ಬಹಳ ಕಡಿಮೆ. ಹಾಗಾಗಿ ಮೊದಲು ಲಸಿಕೆ ಆಗಬೇಕಾದ್ದು ಮಕ್ಕಳ ಸುತ್ತಲಿನ ದೊಡ್ಡವರಿಗೆ: ಮೇಷ್ಟ್ರು, ಅಡುಗೆಯವರು, ವ್ಯಾನ್ ಚಾಲಕರು, ಮನೆಯ ಅಜ್ಜಿ ತಾತ. ಕಿಟಕಿಗಳು ತೆರೆದಿರಲಿ, ಕೊಠಡಿ ಇಕ್ಕಟ್ಟಾದರೆ ಪಾಠ ಮರದಡಿಯಲ್ಲಿ ನಡೆಯಲಿ. ಲೇಖಕರು ಒತ್ತಾಯಿಸುವುದಾದರೆ ಇದನ್ನು ಒತ್ತಾಯಿಸಲಿ, ನಾನೂ ಜೊತೆಗೆ ನಿಲ್ಲುತ್ತೇನೆ.