ಮಗಳ ಮೊದಲ ನಗು

ಕಾಳಿ ನದಿ ದಂಡೆಯ ಚಿತ್ತಾಕುಲದಂಥ ಊರುಗಳಲ್ಲಿ ಬಾಣಂತಿಯ ಎಣ್ಣೆ-ನೀರಿಗೆ ಕೊರತೆಯಿಲ್ಲ. ಆದರೆ ನೀವು ಮಗಳೊಡನೆ ಮಾತನಾಡುತ್ತ ಕುಳಿತರೆ 'ಅದಕ್ಕೆ ಎಂಥ ತಿಳೀತದೆ?' ಎನ್ನುವವರಿದ್ದಾರೆ. ಖಂಡಿತ ತಿಳಿಯುತ್ತದೆ! ನಿಮ್ಮ ದನಿಯನ್ನು ಅದು ಗರ್ಭದಲ್ಲೇ ಕೇಳಿರುತ್ತದೆ. ಎಳೆಗೂಸಿಗೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದವರೆಗೆ; ಹಾಲೂಡಿಸುವಾಗ ನಿಮ್ಮ ಮುಖವೂ ಅಷ್ಟೇ ದೂರದಲ್ಲಿರುತ್ತದೆ. ಸುಮಾರು 6ರಿಂದ 8 ವಾರಕ್ಕೆ ಅದು ನಿಮ್ಮನ್ನು ನೋಡಿ ನಗುತ್ತದೆ. ನೀವೂ ನಕ್ಕು ಉತ್ತರಿಸಿ, ಮಗು ಮಾತು ಕಲಿಯತೊಡಗುವುದೇ ಹೀಗೆ. ಮನೆಗೆಲಸ ಕಾಯಲಿ.

ಹೆರಿಗೆಯಾಗಿ ಎರಡು ವಾರ ಕಳೆದರೂ ಅಳು, ಬೇಸರ ಬಿಡದಿದ್ದರೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ? ಅದು ತಾಯಿಯ ತಪ್ಪಲ್ಲ. ಬಾಣಂತಿಯರಲ್ಲಿ ಕಾಣಿಸುವ ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆಯಿದೆ. ಮನೆಯವರು ದೃಷ್ಟಿ ತೆಗೆದು ಸುಮ್ಮನಾಗದೆ ಬೇಗನೆ ವೈದ್ಯರಿಗೆ ತೋರಿಸಬೇಕು.