ಕೊಂಡವರೆಲ್ಲ ಒಡೆಯರಲ್ಲ

ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ಗ್ಯಾರೇಜಿನಲ್ಲಿ ಹೊದಿಸಿಟ್ಟರೆ ಸಾಕು, ಬೆಲೆ ತಾನಾಗಿ ಏರುತ್ತದೆ ಎಂಬ ಮಾತು ಹಣ ಹೂಡುವವರ ನಡುವೆ ಚಾಲ್ತಿಯಲ್ಲಿದೆ. ಕಾರನ್ನು ಚಿನ್ನದ ಗಟ್ಟಿಯಂತೆ ಕಾಣುವ ಈ ಲೆಕ್ಕಾಚಾರ ಬುಡದಲ್ಲೇ ತಪ್ಪು. ಚಿನ್ನ ಇಟ್ಟಲ್ಲಿ ಇಟ್ಟಂತೆಯೇ ಇರುತ್ತದೆ. ಕಾರು ಇಟ್ಟಲ್ಲೇ ಕೆಡುತ್ತದೆ. ಓಡದೆ ನಿಂತ ಕಾರಿನ ಆಯಿಲ್ ಸೀಲುಗಳು ಒಣಗುತ್ತವೆ, ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಟ್ಯಾಂಕಿನ ಪೆಟ್ರೋಲ್ ಹಳಸುತ್ತದೆ, ರಬ್ಬರ್ ಹೋಸುಗಳು ಬಿರಿಯುತ್ತವೆ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದ್ದರಂತೂ ಗಾಳಿ ಹಾಯುವ ಒಂದು ಹೋಸು ಸೋರಿದರೂ ಗಾಳಿ-ಪೆಟ್ರೋಲ್‌ಗಳ ಪ್ರಮಾಣ ಏರುಪೇರಾಗುತ್ತದೆ. ಇಂಥ ಕಾರನ್ನು ಕಾಲಕಾಲಕ್ಕೆ ಬಿಚ್ಚಿ ನೋಡಿ, ಸವೆದದ್ದನ್ನು ಬದಲಿಸಿ, ಓಡಿಸುತ್ತಿರುವವರೇ ಅದರ ಒಡೆಯರು.

ಪೋರ್ಷೆ 944 ಟರ್ಬೊ ಇದಕ್ಕೆ ಒಳ್ಳೆಯ ಉದಾಹರಣೆ. 1985ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರಿನದು ನಾಲ್ಕು ಸಿಲಿಂಡರಿನ, 2.5 ಲೀಟರಿನ ಎಂಜಿನ್. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೂ ಇಲ್ಲದಿದ್ದರೂ 220 ಅಶ್ವಶಕ್ತಿ. ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ ಇರುವುದರಿಂದ ತಿರುವುಗಳಲ್ಲಿ ಅದರ ಹಿಡಿತ ಸೊಗಸು. ಆದರೆ ಅದೇ ಕಾರಣಕ್ಕೆ ಕ್ಲಚ್ ಬದಲಿಸಬೇಕಾದರೆ ಸೈಲೆನ್ಸರ್ ಕೊಳವೆಯಿಂದ ಹಿಂದಿನ ಗೇರ್‌ಬಾಕ್ಸಿನವರೆಗೆ ಎಲ್ಲವನ್ನೂ ಇಳಿಸಬೇಕು. ನಿಮಿಷಕ್ಕೆ ಲಕ್ಷ ಸುತ್ತು ಮೀರಬಲ್ಲ ಟರ್ಬೊ ದಂಡವನ್ನು ಕಾಯುವುದು ಆಯಿಲಿನ ತೆಳು ಪದರ. ಕಾದ ಎಂಜಿನ್ನನ್ನು ಆರಿಸಿದಾಗ ಆ ಆಯಿಲ್ ಬೆಂದು ಕರಕಾಗಬಾರದೆಂದು, ಆಮೇಲೂ ಕೊಂಚ ಹೊತ್ತು ಟರ್ಬೊಗೆ ನೀರು ಹರಿಸುವ ಚಿಕ್ಕ ವಿದ್ಯುತ್ ಪಂಪನ್ನು ಎಂಜಿನಿಯರುಗಳು ಕೂಡಿಸಿದರು. ಎಷ್ಟು ಮುಂದಾಲೋಚನೆಯ ಕೆಲಸ ಅದು! ಆ ಪಂಪು ಕೆಟ್ಟರೂ ಕಾರು ಓಡುತ್ತಲೇ ಇರುತ್ತದೆ. ಹುಡುಕಿ ನೋಡದವರಿಗೆ ತಿಳಿಯುವುದೇ ಇಲ್ಲ. ಇನ್ನು ಟೈಮಿಂಗ್ ಬೆಲ್ಟ್ ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಆ ಬೆಲ್ಟು ಕಿಲೋಮೀಟರಿನಿಂದ ಮಾತ್ರವಲ್ಲ, ವರ್ಷಗಳಿಂದಲೂ ಮುಪ್ಪಾಗುತ್ತದೆ. ಮೀಟರಿನಲ್ಲಿ ಕಡಿಮೆ ಓಟ ತೋರಿಸುವ, ಹಳೆಯ ಬೆಲ್ಟಿನ ಕಾರಿಗೆ ಹೆಚ್ಚು ಬೆಲೆ ಕಟ್ಟುವ ಹೂಡಿಕೆದಾರ ಅಪಾಯಕ್ಕೇ ಹಣ ಕೊಡುತ್ತಿದ್ದಾನೆ.

ಹಳೆಯ ಟರ್ಬೊಗಳೆಂದರೆ ನಂಬಿಕೆಗೆ ಅರ್ಹವಲ್ಲದವು ಎಂಬ ಅಪವಾದವೂ ಬಹುಪಾಲು ಇಂಥ ನಿರ್ಲಕ್ಷ್ಯದಿಂದಲೇ ಹುಟ್ಟಿದ್ದು. ಕಾರಿನ ಬೆಲೆ ಇಳಿದರೂ ಬಿಡಿಭಾಗಗಳ ಬೆಲೆ, ಮೆಕ್ಯಾನಿಕ್ಕಿನ ಕೂಲಿ ಇಳಿಯುವುದಿಲ್ಲ. ಅಗ್ಗಕ್ಕೆ ಕೊಂಡವರು ಬೆಲ್ಟಿಗೆ ದುಡ್ಡಿಲ್ಲವೆನ್ನುತ್ತಾರೆ, ಟರ್ಬೊ ತುಂಬುವ ಗಾಳಿಯ ಒತ್ತಡ, ಅಂದರೆ ಬೂಸ್ಟ್, ಏರಿಸುವುದಕ್ಕೆ ಮಾತ್ರ ಹೊಂದಿಸುತ್ತಾರೆ. ಸದ್ದಿನ ಆಸೆಗೆ ಕನ್ವರ್ಟರನ್ನೇ ಕಿತ್ತೆಸೆಯುತ್ತಾರೆ. ಹೀಗೆ ಕೊಂದ ಮೇಲೆ ದೂರು ಕಾರಿನ ಮೇಲೆ! ಇದು ಅನ್ಯಾಯ.

ಆದರೆ ಹಳೆಯ ಕಾರುಗಳು ಹೆಚ್ಚು ಹೊಗೆ ಉಗುಳುತ್ತವೆ ಎಂಬ ಆಕ್ಷೇಪ ಗಂಭೀರವಾದದ್ದು. ನಲವತ್ತು ವರ್ಷದ ಪೆಟ್ರೋಲ್ ಎಂಜಿನ್ ಇಂದಿನ ಕಾರಿನಷ್ಟು ಶುದ್ಧವಾಗಲಾರದು. ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸಬೇಕೆಂದು ನಾನು ವಾದಿಸಲಾರೆ. ವಾರಕ್ಕೊಮ್ಮೆ ಎಂಜಿನ್ ಪೂರ್ತಿ ಕಾಯುವಷ್ಟು ದೂರ ಓಡಿಸಿದರೆ ಸಾಕು, ಕನ್ವರ್ಟರ್ ಇದ್ದಲ್ಲೇ ಇರಲಿ. ಇದೆಲ್ಲ ಹಣವಂತರ ಚಟ ಎಂಬ ಮಾತಿನಲ್ಲೂ ಹುರುಳಿದೆ. ಕೈಯಲ್ಲಿ ಹಣ ಮಿತವಾಗಿದ್ದವರು ಅಗ್ಗದ ಕಾರನ್ನು ಬಿಟ್ಟು, ಬೆಲ್ಟು, ನೀರಿನ ಪಂಪು, ಕ್ಲಚ್ ಬದಲಿಸಿದ ರಸೀದಿಗಳನ್ನು ದಿನಾಂಕ ಸಮೇತ ತೋರಿಸಬಲ್ಲವರ ಕಾರನ್ನೇ, ತುಸು ಹೆಚ್ಚು ಕೊಟ್ಟಾದರೂ, ಕೊಳ್ಳಬೇಕು. ಹಾಗೆ ಕೊಂಡ ಮೇಲೂ ಮುಂದಿನ ಬೆಲ್ಟಿನ ಹಣವನ್ನು ಅಂದೇ ತೆಗೆದಿರಿಸಬೇಕಾಗುತ್ತದೆ.