ಹತ್ತು ಕಿಲೋಮೀಟರ್ ಹೋಗಿ ನಿಲ್ಲೋ ಬೈಕಿಗೆ ಪಾರ್ಟ್ ಹಾಕಿಸೋ ಮುಂಚೆ

ಇವತ್ತು ಬೆಳೆ ಬಿಟ್ಟು ಗಾಡಿ ವಿಷಯ. ನಮ್ಮ ಮಿಡಿಗೇಶಿ ಸುತ್ತಮುತ್ತ ಡೇರಿಗೆ ಹಾಲಿನ ಕ್ಯಾನು, ಹೊಲಕ್ಕೆ ಗೊಬ್ಬರದ ಚೀಲ, ಮಧುಗಿರಿಗೆ ಸುಟ್ಟ ಮೋಟ್ರು ಎಲ್ಲಾ ಹೊರೋದು ಹದಿನೈದು ಇಪ್ಪತ್ತು ವರ್ಷದ ಹಳೇ ಬೈಕುಗಳೇ. ಹೊಸದು ತಗೊಳ್ಳೋ ದುಡ್ಡಲ್ಲಿ ಒಂದು ಕರೆಯೋ ಹಸು ಬರುತ್ತೆ. ಹಂಗಾಗಿ ಹಳೇದನ್ನ ನೆಟ್ಟಗೆ ಇಟ್ಕೊಳ್ಳೋದು ನಮಗೆ ಅನಿವಾರ್ಯ.

ಜಾಸ್ತಿ ಕೇಳೋ ದೂರು ಒಂದೇ. "ಹತ್ತು ಕಿಲೋಮೀಟರ್ ಚೆನ್ನಾಗಿ ಹೋಗ್ತೈತೆ, ಆಮೇಲೆ ಆಫ್. ಸ್ವಲ್ಪ ಹೊತ್ತು ಬಿಟ್ಟು ಒದ್ದರೆ ಮತ್ತೆ ಸ್ಟಾರ್ಟ್." ಅದಕ್ಕೆ ಮೊದಲು ಪ್ಲಗ್ ಬದಲಾಯಿಸ್ತೀವಿ, ಆಮೇಲೆ ಕಾಯಿಲ್, ಆಮೇಲೆ ಸಿಡಿಐ, ಕೊನೆಗೆ ಕಾರ್ಬೋರೇಟರ್. ಅಷ್ಟೊತ್ತಿಗೆ ಸಾವಿರಾರು ರೂಪಾಯಿ ಹೋಗಿರುತ್ತೆ, ಗಾಡಿ ಮಾತ್ರ ಅದೇ ಜಾಗದಲ್ಲಿ ನಿಲ್ಲುತ್ತೆ. ಬೋರ್ ನೀರು ಎತ್ತಲಿಲ್ಲ ಅಂದ್ರೆ ಯಾರಾದ್ರೂ ಮೊದಲೇ ಮೋಟ್ರು ಎತ್ತಿಸ್ತೀವಾ? ಫ್ಯೂಸ್ ನೋಡ್ತೀವಿ, ಮೂರು ಫೇಸ್ ಐತಾ ನೋಡ್ತೀವಿ, ಸ್ಟಾರ್ಟರ್ ನೋಡ್ತೀವಿ. ಬೈಕಿಗೆ ಬಂದಾಗ ಆ ಬುದ್ಧಿ ಎಲ್ಲಿ ಹೋಗುತ್ತೆ?

ಮೆಕ್ಯಾನಿಕ್‌ನ ಬೈಯೋದ್ರಲ್ಲಿ ಅರ್ಥ ಇಲ್ಲ. ನಾವು ಅಂಗಡಿಗೆ ಹೋಗೋ ಹೊತ್ತಿಗೆ ಇಂಜಿನ್ ಆರಿರುತ್ತೆ, ಒಂದೇ ಒದೆತಕ್ಕೆ ಸ್ಟಾರ್ಟ್ ಆಗುತ್ತೆ. ಪಾಪ, ಅವನು ಏನು ನೋಡಬೇಕು? ಊಹೆ ಮಾಡ್ತಾನೆ. ತೊಂದರೆ ಕಾಣೋದು ಗಾಡಿ ನಿಂತ ಆ ಎರಡು ನಿಮಿಷದಲ್ಲಿ ಮಾತ್ರ. ಆಗ ಅಲ್ಲಿರೋದು ನಾವೇ. ಅದಕ್ಕೇ ಪರೀಕ್ಷೆ ಮಾಡೋ ಕೆಲಸ ಗಾಡಿ ಓಡಿಸೋನದ್ದು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಮಾಡಬೇಕಾದ್ದು ಇಷ್ಟೇ. ಟೂಲ್ ಬಾಕ್ಸಲ್ಲಿ ಒಂದು ಒಳ್ಳೇ ಪ್ಲಗ್ ಸ್ಪೇರ್ ಇಟ್ಕೊಳ್ಳಿ. ಗಾಡಿ ನಿಂತ ತಕ್ಷಣ, ಆರೋಕೆ ಬಿಡದೆ, ಪ್ಲಗ್ ಕ್ಯಾಪ್ ಕಿತ್ತು ಸ್ಪೇರ್ ಪ್ಲಗ್ಗಿಗೆ ಹಾಕಿ. ಹಳೇ ಪ್ಲಗ್ ಅದರ ಜಾಗದಲ್ಲೇ ಇರಲಿ, ಆಗ ಒಳಗಿನ ಪೆಟ್ರೋಲ್ ಆವಿ ಹೊರಗೆ ಬರಲ್ಲ. ರಬ್ಬರ್ ಕ್ಯಾಪ್ ಹಿಡ್ಕೊಂಡು ಪ್ಲಗ್ಗಿನ ಲೋಹದ ಮೈಯನ್ನ ಇಂಜಿನ್ನಿಗೆ ಒತ್ತಿ, ಕೀ ಆನ್ ಮಾಡಿ ಒದೀರಿ. ಪೆಟ್ರೋಲ್ ಸೋರ್ತಿದ್ರೆ ಇದನ್ನ ಮಾಡಬೇಡಿ, ಬೀಡಿ ಸಿಗರೇಟು ದೂರ ಇರಲಿ.

ನೀಲಿ ಕಿಡಿ ಚೆನ್ನಾಗಿ ಬಂದ್ರೆ ಕರೆಂಟಿನ ಕಡೆ ತೊಂದರೆ ಇರೋ ಸಾಧ್ಯತೆ ಕಡಿಮೆ. ಈಗ ಟ್ಯಾಂಕಿನ ಮುಚ್ಚಳ ತೆಗೀರಿ. ಸುಸ್ ಅಂತ ಗಾಳಿ ಒಳಗೆ ಎಳೆದು, ಸ್ವಲ್ಪ ಹೊತ್ತಿಗೇ ಗಾಡಿ ಸ್ಟಾರ್ಟ್ ಆದ್ರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಅಂತ ಅರ್ಥ. ಮೇಲಿಂದ ಗಾಳಿ ಬರದೆ ಪೆಟ್ರೋಲ್ ಇಳಿಯಲ್ಲ. ನಮ್ಮ ಕಡೆ ಧೂಳಿಗೆ ಇದು ಆಗೋದೇ. ತೂತು ಬಿಡಿಸೋಕೆ ಒಂದು ಪಿನ್ನು ಸಾಕು.

ಬಿಸೀಲಿ ಕಿಡಿ ಇಲ್ಲ, ಆರಿದ ಮೇಲೆ ಬರುತ್ತೆ ಅಂದ್ರೆ ಮ್ಯಾಗ್ನೆಟ್ ಒಳಗಿನ ಕಾಯಿಲ್, ಇಗ್ನಿಷನ್ ಕಾಯಿಲ್ ಅಥವಾ ಸಿಡಿಐ ಮೇಲೆ ಅನುಮಾನ. ಕಾಯಿಲ್ ತಂತಿ ಬಿಸಿಗೆ ಹಿಗ್ಗಿ ಸಂಪರ್ಕ ಬಿಡುತ್ತೆ, ಆರಿದಾಗ ಕೂಡ್ಕೊಳ್ಳುತ್ತೆ. ಬಿಸಿ ಇದ್ದಾಗಲೇ ಮೀಟರ್ ಹಿಡಿಸಿ ನೋಡಿಸಿ. ಕಿಡಿ ಪೂರ್ತಿ ಇಲ್ಲ ಅಂದ್ರೆ ಹ್ಯಾಂಡಲ್ ಹತ್ತಿರ ಉಜ್ಜಿಹೋದ ವೈರ್ ಹುಡುಕಿ. ಹಳೇ ಹೀರೋ ಹೋಂಡಾಗಳಲ್ಲಿ ಕೀ ಆಫ್ ಮಾಡಿದ್ರೆ ಆಗೋದು ಆ ವೈರ್ ಅರ್ತ್ ಆಗೋದೇ. ಸಿಪ್ಪೆ ಹೋಗಿ ಚಾಸಿಗೆ ತಾಗಿದ್ರೂ ಅದೇ ಆಗುತ್ತೆ.

ಬ್ಯಾಟರಿ ವಿಷಯ. ಹಳೇ ಸಿಡಿ 100, ಸ್ಪ್ಲೆಂಡರ್‌ಗಳಲ್ಲಿ ಕಿಡಿ ಹುಟ್ಟೋದು ಮ್ಯಾಗ್ನೆಟ್ಟಿಂದ. ಒದ್ದರೆ ಸ್ಟಾರ್ಟ್ ಆಗಲ್ಲ ಅಂತ ಅದಕ್ಕೆ ಹೊಸ ಬ್ಯಾಟರಿ ಹಾಕಿಸೋದು ದಂಡ. ಆದ್ರೆ 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಪಾಯಿಂಟ್ ಇರೋ ಹಳೇ ಜಾವಾ, ಯೆಜ್ಡಿ ಇಟ್ಕೊಂಡೋರಿಗೆ ಲೆಕ್ಕ ಬೇರೆ. ಅಲ್ಲಿ ಬ್ಯಾಟರಿ ಸತ್ತರೆ ಕಿಡಿಯೂ ಸತ್ತಂಗೆ. ಗಾಡಿ ಯಾವುದು ಅಂತ ನೋಡದೆ ಯಾರದೋ ಸಲಹೆ ಕೇಳಬೇಡಿ.

ನಿಲ್ಲಲ್ಲ, ಆದ್ರೆ ಎಳೆಯಲ್ಲ ಅಂದ್ರೆ ಪ್ಲಗ್ ಬಿಚ್ಚಿ ಬಣ್ಣ ನೋಡಿ. ತಿಳಿ ಕಂದು ಇದ್ರೆ ಸರಿ. ಒಣ ಮಸಿ ಇದ್ರೆ ಏರ್ ಫಿಲ್ಟರ್ ಧೂಳು ತುಂಬಿರಬಹುದು, ಇಲ್ಲ ಚೋಕ್ ಬಿಟ್ಟಿರಲ್ಲ. ಎಣ್ಣೆ ಜಿಡ್ಡು ಇದ್ದು ನೀಲಿ ಹೊಗೆನೂ ಬಂದ್ರೆ ರಿಂಗ್, ವಾಲ್ವ್ ಕಡೆ ನೋಡಿಸಿ (ನಾಲ್ಕು ಸ್ಟ್ರೋಕ್ ಗಾಡಿಗೆ ಮಾತ್ರ ಈ ಮಾತು). ಬೆಳ್ಳಗೆ ಇದ್ದು, ಚೋಕ್ ಎಳೆದಾಗ ಮಾತ್ರ ಚೆನ್ನಾಗಿ ಓಡಿದ್ರೆ ಜೆಟ್ ಕಟ್ಟಿದೆ, ಇಲ್ಲ ಕಾರ್ಬೋರೇಟರ್ ಬುಡದಲ್ಲಿ ಗಾಳಿ ಎಳೀತಿದೆ.

ಇತ್ತೀಚೆಗೆ ಎಲ್ಲಾ ತೊಂದರೆಗೂ ಎಥನಾಲ್ ಪೆಟ್ರೋಲ್ ಕಾರಣ ಅನ್ನೋ ಮಾತು. ಶೇ. 20 ಬೆರಕೆ 2023ರಿಂದ ಬಂತು. ಎಥನಾಲ್ ನೀರು ಹೀರುತ್ತೆ, ಹೆಚ್ಚಾದ್ರೆ ಬೇರ್ಪಟ್ಟು ತಳಕ್ಕೆ ಇಳಿಯುತ್ತೆ, ಹಳೇ ರಬ್ಬರಿಗೂ ಒಳ್ಳೇದಲ್ಲ. ನಿಜ. ಆದ್ರೂ ಬೈಯೋ ಮುಂಚೆ ಇಂಜಿನ್ ಆರಿದ ಮೇಲೆ ಕಾರ್ಬೋರೇಟರ್ ಕೆಳಗಿನ ಸ್ಕ್ರೂ ಸಡಿಲ ಮಾಡಿ ಗಾಜಿನ ಲೋಟಕ್ಕೆ ಇಳಿಸಿ. ತಳದಲ್ಲಿ ಬೇರೆ ಪದರ ಕಂಡ್ರೆ ಆಗ ಒಪ್ಪೋಣ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಅಂಗಡಿಗೆ ಹೋದಾಗ "ಗಾಡಿ ನಿಲ್ತೈತೆ" ಅಂತಷ್ಟೇ ಹೇಳಬೇಡಿ. "ಎಂಟು ಕಿಲೋಮೀಟರಿಗೆ ನಿಲ್ತು, ಬಿಸೀಲಿ ಕಿಡಿ ಇರಲಿಲ್ಲ, ಮುಚ್ಚಳ ತೆಗೆದ್ರೂ ಆಗಲಿಲ್ಲ" ಅಂತ ಹೇಳಿ. ಒಳ್ಳೇ ಮೆಕ್ಯಾನಿಕ್ಕಿಗೆ ಅಷ್ಟು ಸಾಕು, ಅರ್ಧ ಕೆಲಸ ಅಲ್ಲೇ ಮುಗೀತು.